ನಮ್ಮ ಯಜಮಾನರ ರ‍್ಯಾಲಿ ಕಾರು

ಐವತ್ತೆರಡನೇ ವಯಸ್ಸಿನಲ್ಲಿ ನಮ್ಮ ಯಜಮಾನರಿಗೆ ತಾವು ರೇಸ್ ಚಾಲಕರೆಂಬುದು ಗೊತ್ತಾಯಿತು. ಅಲ್ಲಿಯವರೆಗೆ ಹಾನಗಲ್ಲಿನಲ್ಲಿ ಅಡಿಕೆ ವ್ಯಾಪಾರ ಮಾಡಿಕೊಂಡು ತಣ್ಣಗಿದ್ದರು. ಸವಣೂರಿನ ನಿವೃತ್ತ ಡಾಕ್ಟರೊಬ್ಬರ ಹಿತ್ತಲಲ್ಲಿ, ಅರವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ತಯಾರಾದ ಪುಟ್ಟ ಕಾರೊಂದು ಕಣ್ಣಿಗೆ ಬಿದ್ದದ್ದೇ ತಡ, ಒಳಗೆ ಕಾವು ಕೂತಿದ್ದ ಕೋಳಿಯನ್ನು ಎಬ್ಬಿಸಿ, ಕಾರನ್ನು ಟ್ರ್ಯಾಕ್ಟರಿನ ಟ್ರಾಲಿಗೆ ಹೇರಿಕೊಂಡು ಬಂದರು. ರೇಸ್ ಕಾರು ಮನೆ ಸೇರಿದ ವೈಭವ ಇದು.

"ಹಳೇ ಕಾರುಗಳ ರ‍್ಯಾಲಿ ಐತಿ. ನೀ ನ್ಯಾವಿಗೇಟರ್" ಎಂದರು.

"ಹಂಗಂದ್ರ?"

"ಬಾಜೂಕ ಕುಂತು ದಾರಿ ಹೇಳೂದು."

"ಇಷ್ಟು ವರ್ಷ ಮಾಡಿದ್ದೂ ಅದನ್ನ ಅಲ್ರಿ" ಎಂದೆ.

ತಯಾರಿಗೆ ಮೂರು ತಿಂಗಳು ಹಿಡಿಯಿತು. ಕಾರು ಪಲ್ಟಿಯಾದರೆ ತಲೆ ಉಳಿಯಬೇಕೆಂದು ಒಳಗೆ ಕಬ್ಬಿಣದ ಪೈಪಿನ ಪಂಜರ ಬೇಕಿತ್ತು. ಶಿಗ್ಗಾಂವಿಯಲ್ಲಿ ಕಬ್ಬಿನ ಟ್ರಾಲಿ ಕಟ್ಟುವ ವೆಲ್ಡಿಂಗ್ ಮೇಸ್ತ್ರಿ ಅದನ್ನು ಮಾಡಿಕೊಟ್ಟರು. ಕಬ್ಬು ಹೇರಿದರೂ ಬಗ್ಗದಂಥ ಪಂಜರ. ಆದರೆ ಕಾರು ಪಲ್ಟಿಯಾಗುವ ಮೊದಲೇ, ಪ್ರತಿ ಗುಂಡಿಗೂ ನನ್ನ ತಲೆ ಅದಕ್ಕೆ ಬಡಿಯುತ್ತಿತ್ತು. ಮುಂದೆ ನಾಲ್ಕು ದೊಡ್ಡ ದೀಪ, ಬಾನೆಟ್ಟಿಗೆ ಚರ್ಮದ ಬೆಲ್ಟು, ಬಾಗಿಲಿಗೆ ನಂಬರು, ಎಲ್ಲವೂ ಬಂದವು. ಬ್ರೇಕು ಕೊನೆಗೆ ನೆನಪಾಯಿತು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹಾಗಾಗಿ ನಿಯಮದ ಪುಸ್ತಕ ಓದಿದ್ದು ನಾನೊಬ್ಬಳೇ. ಈ ರ‍್ಯಾಲಿ ವೇಗದ ಸ್ಪರ್ಧೆಯೇ ಅಲ್ಲ. ಗಂಟೆಗೆ ಸರಾಸರಿ ಮೂವತ್ತು ಕಿಲೋಮೀಟರ್ ವೇಗದಲ್ಲಿ, ಪ್ರತಿ ಹಂತವನ್ನೂ ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಸಬೇಕು. ತಡವಾದರೂ ಅಂಕ ಹೋಗುತ್ತದೆ, ಬೇಗ ಹೋದರೂ ಹೋಗುತ್ತದೆ.

"ಮೂವತ್ತರಾಗ ಹೋಗಾಕ ಇಷ್ಟೆಲ್ಲಾ ಮಾಡೇನೇನು?" ಎಂದು ಯಜಮಾನರು ನನ್ನ ಮೇಲೆಯೇ ರೇಗಿದರು.

ರ‍್ಯಾಲಿಯ ದಿನ ಬೆಳಿಗ್ಗೆ ಹಾನಗಲ್ಲಿನಿಂದ ಹೊರಟವರು ಶಿಗ್ಗಾಂವಿಗೆ ಹನ್ನೊಂದು ನಿಮಿಷ ಮುಂಚೆ ಮುಟ್ಟಿದರು. ಟೈಮು ಬರೆದುಕೊಳ್ಳುವ ಹುಡುಗಿಯ ಮುಂದೆ ಹಾರ ಹಾಕಿಸಿಕೊಳ್ಳುವವರಂತೆ ನಿಂತರು.

"ಸರ್, ಭಾಳ ಲಗೂನ ಬಂದೀರಿ. ಅಂಕ ಕಡೀತೀವ್ರಿ."

"ಲಗೂ ಬಂದ್ರ ಯಾಕ ಕಡೀತೀರಿ?" ಎಂದು ವಾದಕ್ಕೆ ನಿಂತರು. ಆ ವಾದದಲ್ಲಿ ಉಳಿದ ಕಾರುಗಳೆಲ್ಲ ಮುಂದೆ ಹೋದವು.

ಹತ್ತಿಮತ್ತೂರಿನ ಹತ್ತಿರ ಅರ್ಧ ರಸ್ತೆಗೆ ಗೋವಿನಜೋಳ ಹರವಿದ್ದರು. ಅಲ್ಲಿ ನಮ್ಮ ಕಾರು ಹಬೆ ಬಿಟ್ಟು ನಿಂತಿತು. "ಮುಟ್ಟಬ್ಯಾಡ್ರಿ, ಕಾದೈತಿ" ಎಂದೆ. ನ್ಯಾವಿಗೇಟರ್ ಮಾತು ಯಾರು ಕೇಳುತ್ತಾರೆ? ರೇಡಿಯೇಟರ್ ಮುಚ್ಚಳ ತಿರುಗಿಸಿ ಬಲಗೈ ಸುಟ್ಟುಕೊಂಡರು. ಅವರು ಕೂಗಿದ್ದು ಕೇಳಿ, ಕಾಳು ಹರವುತ್ತಿದ್ದ ಹೆಂಗಸೊಬ್ಬಳು ಬಕೆಟ್ಟು ಹಿಡಿದು ಓಡಿ ಬಂದು, ಅವರ ಕೈಯನ್ನು ನೀರಿನಲ್ಲಿ ಅದ್ದಿ ಹಿಡಿದಳು.

"ಕೈ ಎತ್ತಬ್ಯಾಡ್ರಿ, ಯಜಮಾನ್ರ" ಎಂದು ಗದರಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರ, ನಿಮಗ ಹೊಡ್ಯಾಕ ಬರೂದಿಲ್ಲೇನ್ರಿ?" ಎಂದಳು.

ಬರುತ್ತಿತ್ತು. ಮದುವೆಗೆ ಮುಂಚೆ ಅಪ್ಪನ ಟ್ರ್ಯಾಕ್ಟರ್ ಓಡಿಸಿದವಳು ನಾನು. ಈ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ, ಅಷ್ಟೆ.

"ಗೇರ್ ಭಾಳ ಬಿಗಿ ಅದಾವ" ಎಂದು ಯಜಮಾನರು ಗೊಣಗಿದರು. ಎಂಜಿನ್ ಆರಿದ ಮೇಲೆ ನೀರು ತುಂಬಿ, ನಾನು ಸ್ಟೇರಿಂಗ್ ಹಿಡಿದೆ. ಹತ್ತಿಮತ್ತೂರಿನಲ್ಲಿ ಟೈಮು ಬರೆಸುವಷ್ಟರಲ್ಲಿ ವಿಪರೀತ ತಡವಾಗಿತ್ತು. ಅಲ್ಲಿಂದ ಹಿರೇಕೆರೂರಿನವರೆಗಿನ ಕೊನೆಯ ಹಂತವನ್ನು ಲೆಕ್ಕ ಹಾಕಿ ಮೂವತ್ತರಲ್ಲೇ ಓಡಿಸಿದೆ. ಬಸ್ಸು, ಬೈಕು, ಮದುವೆ ದಿಬ್ಬಣದ ಟೆಂಪೋ ಎಲ್ಲವೂ ನಮ್ಮನ್ನು ಹಿಂದೆ ಹಾಕಿದವು. ಬಾಜೂಕ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತ ರೇಸ್ ಚಾಲಕರು ಪ್ರತಿ ಸಲ ಕಣ್ಣು ಮುಚ್ಚಿಕೊಂಡರು. ನನಗೆ ಮಾತ್ರ ಎಷ್ಟೋ ವರ್ಷಗಳ ಮೇಲೆ ಹಾಡಿಕೊಳ್ಳಬೇಕೆನಿಸಿತು.

ಒಟ್ಟಾರೆ ನಾವು ಕೊನೆಯಿಂದ ಎರಡನೆಯವರು. ಕೊನೆಯ ಹಂತದಲ್ಲಿ ಮಾತ್ರ ಹೇಳಿದ ಹೊತ್ತಿಗೆ ಮೂರೇ ಸೆಕೆಂಡು ವ್ಯತ್ಯಾಸ, ಅದರಲ್ಲಿ ನಮಗೇ ಮೊದಲ ಸ್ಥಾನ. ಸಣ್ಣ ಕಪ್ಪೊಂದು ಕೊಟ್ಟರು. ಯಜಮಾನರು ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಸುತ್ತ ಸೇರಿದವರಿಗೆ ಹೇಳಿದರು: "ಎಲ್ಲಾ ಗಾಡಿ ತಯಾರ್ ಮಾಡೂದ್ರಾಗ ಐತ್ರಿ."

ಸೋಮವಾರ ನಾನು ಶಾಲೆಗೆ ಹೋಗಲು ಬಸ್ಸಿಗೆ ಕಾಯಲಿಲ್ಲ. ಗೂಟದಿಂದ ಕಾರಿನ ಕೀಲಿ ತೆಗೆದುಕೊಂಡೆ.

"ಸಾವಕಾಶ ಹೋಗು" ಎಂದರು ಯಜಮಾನರು.