ತೆಲಿಗಿಯವರ ಸರದಿ

ಕೊಟ್ಟೂರಿನಲ್ಲಿ ಫುಟ್ಬಾಲ್ ನೋಡುವವನು ನಾನೊಬ್ಬನೇ ಎಂದು ಬಹಳ ವರ್ಷ ತಿಳಿದಿದ್ದೆ. ನಾನು ಗಣಿತ ಕಲಿಸುವ ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ ಮಾತೆಲ್ಲ ಕ್ರಿಕೆಟ್ಟಿನದು. ಸೋಮವಾರ ಬೆಳಿಗ್ಗೆ, ಇಂಗ್ಲೆಂಡಿನ ನನ್ನ ತಂಡ ಸೋತ ಬೇಸರ ಮುಖದಲ್ಲಿದ್ದರೆ, "ಯಾಕ್ರಿ ಸರ್, ಮನ್ಯಾಗ ಜಗಳಾನ?" ಎಂದು ಕೇಳುತ್ತಿದ್ದರು. ಹೌದೆನ್ನುತ್ತಿದ್ದೆ. ನಿಜ ಹೇಳಿದರೆ ಅರ್ಧ ಗಂಟೆ ವಿವರಿಸಬೇಕಾಗುತ್ತಿತ್ತು.

ಆಮೇಲೆ ಮೊಬೈಲಿನಲ್ಲಿ, ಪಂದ್ಯಗಳ ಬಗ್ಗೆ ಕನ್ನಡದಲ್ಲಿ ಬರೆಯುವ ಒಂದು ಪುಟ ಸಿಕ್ಕಿತು. ಒಂದು ದಿನ ಅದರ ಕೆಳಗೆ ಯಾರೋ ಬರೆದಿದ್ದರು: "ಗೋಲ್ ಹೊಡಿಯೋ ಮನಷ್ಯಾನ್ನ ಬೆಂಚಿನ ಮ್ಯಾಲೆ ಕುಂದ್ರಿಸ್ಯಾರಲ್ರಿ, ಇವರಿಗೇನು ಬುದ್ಧಿ ಐತಿ?" ಓದಿದ ಕೂಡಲೇ ಇವನು ನಮ್ಮ ಕಡೆಯವನೇ ಎಂದು ಗೊತ್ತಾಯಿತು. ಆತ ಕೂಡ್ಲಿಗಿಯ ಬಸ್ ಕಂಡಕ್ಟರ್. ಆತನಿಂದ ಹಗರಿಬೊಮ್ಮನಹಳ್ಳಿಯ ಒಬ್ಬ ನರ್ಸಮ್ಮ, ಆಕೆಯಿಂದ ಹಡಗಲಿಯ ಮಲ್ಲಿಗೆ ವ್ಯಾಪಾರಿ, ಹೀಗೆ ಒಬ್ಬರಿಗೊಬ್ಬರು ಕೊಂಡಿಯಾಗಿ ಐದು ಜನ ಒಂದು ವಾಟ್ಸಾಪ್ ಗುಂಪಿನಲ್ಲಿ ಸೇರಿದೆವು. ನರ್ಸಮ್ಮ ತರಬೇತಿಯ ಕಾಲದಲ್ಲಿ ಕೇರಳದ ಹುಡುಗಿಯರ ಜೊತೆ ಹಾಸ್ಟೆಲಿನಲ್ಲಿದ್ದವರು. ಫುಟ್ಬಾಲ್ ಹುಚ್ಚು ಅಲ್ಲಿಂದ ಅಂಟಿದ್ದು. ನಾವು ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ. ನೋಡಬೇಕೆಂದು ಅನ್ನಿಸಲೂ ಇಲ್ಲ.

ಮೊಬೈಲಿನಲ್ಲಿ ಡ್ರಾಫ್ಟ್ ಟೂರ್ನಿ ಮಾಡೋಣ ಎಂದವನು ನಾನು. ಆಟ ಸರಳ. ಆಗಸ್ಟಿನಲ್ಲಿ ಇಂಗ್ಲೆಂಡಿನ ಲೀಗ್ ಶುರುವಾಗುವ ಮೊದಲು ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಮೊಬೈಲ್ ಹಿಡಿದು ಕೂರಬೇಕು. ಸರದಿಯ ಪ್ರಕಾರ ಒಬ್ಬೊಬ್ಬರು ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳಬೇಕು. ಒಬ್ಬರು ಆರಿಸಿದ ಆಟಗಾರ ಮತ್ತೊಬ್ಬರಿಗೆ ಇಲ್ಲ. ಆಮೇಲೆ ಅಲ್ಲಿ ಅವನು ಗೋಲು ಹೊಡೆದರೆ ಇಲ್ಲಿ ನಮಗೆ ಅಂಕ. ವಾರವಾರವೂ ಹನ್ನೊಂದು ಜನರ ಪಟ್ಟಿ ಹಾಕಬೇಕು, ಗಾಯಗೊಂಡವನನ್ನು ಹೊರಗಿಡಬೇಕು. ಮೇ ತಿಂಗಳವರೆಗೆ ಇದೇ ಕೆಲಸ.

ಮೊದಲ ಎರಡು ವರ್ಷ ಟೂರ್ನಿ ನಡುವೆಯೇ ಮುಗ್ಗರಿಸಿತು. ದೀಪಾವಳಿ ದಾಟುವಷ್ಟರಲ್ಲಿ ಇಬ್ಬರು ಪಟ್ಟಿ ಹಾಕುವುದನ್ನೇ ಬಿಟ್ಟರು. ಅದಕ್ಕೇ ಮೂರನೆಯ ವರ್ಷ ನಾನು ನಿಯಮ ಬರೆದೆ. ಸರದಿಗೆ ತೊಂಬತ್ತು ಸೆಕೆಂಡ್. ದಾಟಿದರೆ ಸರದಿ ಹೋಯಿತು, ಯಾರೂ ಆರಿಸದೆ ಉಳಿದ ಆಟಗಾರರಲ್ಲಿ ಒಬ್ಬನನ್ನು ಕೊನೆಗೆ ತೆಗೆದುಕೊಳ್ಳಬೇಕು. ಮೂರು ವಾರ ಸತತ ಪಟ್ಟಿ ಹಾಕದಿದ್ದರೆ ಟೂರ್ನಿಯಿಂದ ಹೊರಗೆ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ನನ್ನ ಮಾತಿಗೆ ಹೇಳಿಕೊಳ್ಳುವಂಥ ತೂಕವಿರಲಿಲ್ಲ. ಈ ಗುಂಪಿನಲ್ಲಿ ಇತ್ತು. ಅದು ನನಗೆ ಇಷ್ಟವಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ವರ್ಷ ಆರನೆಯವರಾಗಿ ಸೇರಿದವರದು ಹರಪನಹಳ್ಳಿ ತಾಲೂಕಿನ ತೆಲಿಗಿ ಎಂಬ ಊರು, ನಾವು ಅವರನ್ನು ತೆಲಿಗಿಯವರು ಎಂದೇ ಕರೆಯುತ್ತಿದ್ದೆವು. ಐವತ್ತರ ಆಸುಪಾಸಿನವರು. ಮೆಕ್ಕೆಜೋಳ ತುಂಬಿಕೊಂಡು ಕೇರಳದ ಕೋಳಿ ಆಹಾರದ ಕಾರ್ಖಾನೆಗಳಿಗೆ ಲಾರಿ ಹೊಡೆಯುತ್ತಿದ್ದರಂತೆ. ಅಲ್ಲಿ ಕೊಯ್ದ ಗದ್ದೆಗಳಲ್ಲಿ ಏಳೇಳು ಜನ ಆಡುವ ಪಂದ್ಯ ನೋಡಲು ಲಾರಿ ನಿಲ್ಲಿಸಿ, ಮಾಲೀಕನಿಂದ ಬೈಸಿಕೊಂಡದ್ದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಅವರು ಗುಂಪಿನಲ್ಲಿ ಒಂದಕ್ಷರವೂ ಟೈಪ್ ಮಾಡುತ್ತಿರಲಿಲ್ಲ, ಎಲ್ಲವೂ ವಾಯ್ಸ್ ಮೆಸೇಜು. ಲಾರಿಯವರ ಅಭ್ಯಾಸ ಎಂದುಕೊಂಡೆವು. ನನ್ನನ್ನು 'ಮೇಷ್ಟ್ರೇ' ಎನ್ನುತ್ತಿದ್ದರು.

ಡ್ರಾಫ್ಟಿಗೆ ಎರಡು ದಿನ ಮೊದಲು ಅವರ ಮೆಸೇಜು ಬಂತು: "ಮೇಷ್ಟ್ರೇ, ನನಗೆ ದೊಡ್ಡ ದೊಡ್ಡೋರು ಬ್ಯಾಡ. ಆ ಮುದುಕ ಐದಾನಲ್ಲ, ಮೊಣಕಾಲು ಆಪರೇಷನ್ ಮಾಡಿಸ್ಕೊಂಡು ವಾಪಸ್ ಬಂದೋನು, ಅವನೊಬ್ಬ ಸಿಕ್ರೆ ಸಾಕು." ಅವರು ಹೇಳಿದ್ದು ಒಬ್ಬ ಹಳೆಯ ಮಿಡ್‌ಫೀಲ್ಡರನ ಬಗ್ಗೆ. ವಯಸ್ಸು ಮೂವತ್ತಮೂರು ದಾಟಿತ್ತು. ಅವನ ಮೇಲೆ ಉಳಿದವರ ಕಣ್ಣಿರಲಿಲ್ಲ, ಹಾಗಾಗಿ ಕೊನೆಯ ಸುತ್ತುಗಳಲ್ಲೂ ಸಿಗುತ್ತಾನೆ ಎಂದು ಅವರಿಗೂ ಗೊತ್ತಿತ್ತು.

ಆ ಭಾನುವಾರ ಊಟ ಮುಗಿಸಿ, ಗಡಿಯಾರವನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತೆ. ಮೊದಲ ಸುತ್ತಿನಲ್ಲಿ ತೆಲಿಗಿಯವರು ಸರಿಯಾಗಿಯೇ ಹೆಸರು ಹೇಳಿದರು. ಮೂರನೆಯ ಸುತ್ತಿನಲ್ಲಿ ಸಮಯ ಮೀರಿತು. ಐದನೆಯದರಲ್ಲಿ ಮತ್ತೆ ಮೀರಿತು. ತಡವಾಗಿ ಬಂದ ಒಂದು ಮೆಸೇಜಿನಲ್ಲಿ, ಅವರ ದನಿಯ ಹಿಂದೆ ಹೆಂಗಸೊಬ್ಬರು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಿದ್ದುದು ಕೇಳಿಸಿತು. ಮನೆಯಲ್ಲಿ ಮಗುವಿಗೆ ಪಾಠ ನಡೆದಿದೆ, ಈ ಮನುಷ್ಯ ಗದ್ದಲದ ನಡುವೆ ಕೂತು ಆಡುತ್ತಿದ್ದಾರೆ ಎಂದು ಸಿಟ್ಟು ಬಂತು.

ಏಳನೆಯ ಸುತ್ತು. ಅವರ ಸರದಿ, ಅವರ ನಂತರ ನನ್ನದು. ಎಂಬತ್ತು, ಎಂಬತ್ತೈದು, ತೊಂಬತ್ತು. ನಾನು ಗುಂಪಿನಲ್ಲಿ 'ಸಮಯ ಮುಗಿಯಿತು' ಎಂದು ಬರೆದೆ. ಬರೆದ ಮರುಕ್ಷಣವೇ ಅವರ ಮೆಸೇಜು ಬಂತು. ಅದರಲ್ಲಿ ಆ ಮಿಡ್‌ಫೀಲ್ಡರನ ಹೆಸರಿತ್ತು. ನನ್ನ ಸರದಿಗೆ ನಾನು ಅದೇ ಹೆಸರನ್ನು ಬರೆದೆ. ನನಗೆ ಅವನು ಬೇಕಾಗಿರಲಿಲ್ಲ. ನಿಯಮ ಅಂದರೆ ನಿಯಮ ಎಂದು ತೋರಿಸಬೇಕಾಗಿತ್ತು.

"ಸರ್, ಎರಡು ಸೆಕೆಂಡ್ ಅಷ್ಟ. ಅವರಿಗೇ ಬಿಟ್ಟುಕೊಡ್ರಿ" ಎಂದು ನರ್ಸಮ್ಮ ಬರೆದರು.

"ಎಲ್ಲರಿಗೂ ಒಂದೇ ನಿಯಮ" ಎಂದು ಉತ್ತರಿಸಿದೆ.

ತೆಲಿಗಿಯವರು, "ಇರ್ಲಿ ಬಿಡ್ರಮ್ಮ, ಮೇಷ್ಟ್ರು ಹೇಳೋದು ಸರಿ ಐತೆ" ಎಂದರು. ಆ ದಿನ ಮತ್ತೂ ಎರಡು ಸರದಿ ಕಳೆದುಕೊಂಡರು.

ಆದರೂ ಚೆನ್ನಾಗಿಯೇ ಆಡಿದರು. ಕೊನೆಗೆ ಉಳಿದವರಲ್ಲಿ ಅವರು ಆರಿಸಿಕೊಂಡ ಒಬ್ಬ ಡಿಫೆಂಡರ್, ಯಾರೂ ಎಣಿಸದಷ್ಟು ಅಂಕ ತರತೊಡಗಿದ. ಅಕ್ಟೋಬರದಲ್ಲಿ ತೆಲಿಗಿಯವರು ಎರಡನೆಯ ಸ್ಥಾನದಲ್ಲಿದ್ದರು. ನಾನು ನಾಲ್ಕನೆಯವನು. ನವೆಂಬರದಲ್ಲಿ ಅವರ ಪಟ್ಟಿ ನಿಂತಿತು. ಮೊದಲ ವಾರ ಇಬ್ಬರು ಗಾಯಾಳುಗಳು ಪಟ್ಟಿಯಲ್ಲೇ ಉಳಿದರು. ಎರಡನೆಯ ವಾರವೂ ಹಾಗೆಯೇ. ಮೂರನೆಯ ವಾರ ಮುಗಿದ ದಿನ ಗುಂಪಿನಲ್ಲಿ ನಾನೂ ವಾಯ್ಸ್ ಮೆಸೇಜನ್ನೇ ಹಾಕಿದೆ, ಅವರು ಕೇಳಲಿ ಎಂದು. "ಆಸಕ್ತಿ ಇಲ್ಲದವರು ಸೇರಬಾರದಾಗಿತ್ತು. ಉಳಿದ ಐದು ಜನರ ಶ್ರಮಕ್ಕೆ ಬೆಲೆ ಇಲ್ಲವೇ? ಇದು ಬಂದು ಮಲಗಿ ಹೋಗೋ ಧರ್ಮಛತ್ರ ಅಲ್ಲ." ತರಗತಿಯಲ್ಲಿ ಮಾತಾಡುವ ದನಿ ಅದು. ಮತ್ತೆ ಕೇಳಿಸಿಕೊಂಡಿಲ್ಲ, ಆದರೆ ಪದಗಳೆಲ್ಲ ನೆನಪಿವೆ.

ಅಂದು ಸಂಜೆ ನರ್ಸಮ್ಮ ನನಗೆ ಫೋನ್ ಮಾಡಿದರು. "ತೆಗೆಯೋಕಿಂತ ಮೊದ್ಲು ಒಂದ್ಸಲ ಅವರ ಜೋಡಿ ಮಾತಾಡಿ ನೋಡ್ರಿ ಸರ್. ಏನರ ಆಗಿರಬಹುದು."

"ಆಗಿದ್ದರೆ ಅವರೇ ಹೇಳಬೇಕಲ್ಲಮ್ಮ" ಎಂದೆ.

ಮರುದಿನ ತೆಲಿಗಿಯವರ ಉತ್ತರ ಬಂತು. ದನಿ ತಗ್ಗಿತ್ತು, ಬಾಯಿಗೆ ಏನೋ ಅಡ್ಡವಿದ್ದಂತೆ ಕೇಳಿಸಿತು. "ಆತು ಮೇಷ್ಟ್ರೇ. ನಿಯಮ ನಿಯಮಾನೇ. ನನ್ನ ಹುಡುಗ್ರನ್ನ ಒಳ್ಳೆ ಕೈಗೆ ಕೊಡ್ರಿ." ನಾನು ಅವರನ್ನು ಗುಂಪಿನಿಂದ ತೆಗೆದೆ. ಅವರ ಆಟಗಾರರನ್ನು ಉಳಿದ ಐವರು ಸರದಿಯ ಮೇಲೆ ಹಂಚಿಕೊಂಡೆವು. ಆ ಡಿಫೆಂಡರ್ ನನ್ನ ಪಾಲಿಗೆ ಬಂದ.

ಜನವರಿಯಲ್ಲಿ ಒಂದು ಮಧ್ಯಾಹ್ನ ಕಂಡಕ್ಟರ್ ಹರಪನಹಳ್ಳಿ ಬಸ್ ನಿಲ್ದಾಣದಿಂದ ಫೋನ್ ಮಾಡಿದ. ಊಟಕ್ಕೆ ಬಸ್ ನಿಲ್ಲಿಸಿದ್ದ.

"ಸರ್, ನಮ್ಮ ತೆಲಿಗಿಯವರನ್ನ ಕಂಡೆ."

"ಎಲ್ಲಿ?"

"ಮುಂಜಾನೆ ನನ್ನ ಬಸ್ಸಿನಾಗ. ದಾವಣಗೆರಿ ಆಸ್ಪತ್ರಿಗೆ ಹೊಂಟಿದ್ರು. ಮೊಬೈಲ್ ಕಿವಿಗೆ ಹಿಡ್ಕೊಂಡು ಹಳೇ ಪಂದ್ಯದ ಕಾಮೆಂಟರಿ ಕೇಳಾಕತ್ತಿದ್ರು. ಟಿಕೀಟ್ ಕೇಳಿದೆ, ದನಿ ಕೇಳಿದ ಕೂಡ್ಲೇ ಗುರ್ತು ಸಿಕ್ತು." ಆಮೇಲೆ ಹೇಳಿದ: "ಅವರಿಗೆ ಕಣ್ಣು ಕಾಣಂಗಿಲ್ರಿ ಸರ್. ಹೆಂಡ್ತಿ ಕೈ ಹಿಡ್ಕೊಂಡು ಇಳಿಸಿದ್ಳು."

ಆತ ಎರಡು ಸಲ "ಹಲೋ" ಎಂದು ಇಟ್ಟುಬಿಟ್ಟ.

ಮುಂದಿನ ಶನಿವಾರ, ಬೆಳಗಿನ ಶಾಲೆ ಮುಗಿಸಿ ಹರಪನಹಳ್ಳಿಗೆ ಹೋಗಿ, ಅಲ್ಲಿಂದ ತೆಲಿಗಿಯ ಬಸ್ ಹತ್ತಿದೆ. ಲಾರಿ ಓಡಿಸುತ್ತಿದ್ದವರ ಮನೆ ಎಂದರೆ ಸಾಕಾಯಿತು, ಬಸ್ ನಿಲ್ಲುವಲ್ಲೇ ತೋರಿಸಿದರು. ಅಂಗಳದಲ್ಲಿ ಹಳೆಯ ಲಾರಿ ಟಾರ್ಪಾಲು ಹಾಸಿ ಮೆಕ್ಕೆಜೋಳ ಒಣಹಾಕಿದ್ದರು. ಕಟ್ಟೆಯ ಮೇಲೆ ಕಪ್ಪು ಕನ್ನಡಕದ ಗಟ್ಟಿ ಮೈಕಟ್ಟಿನ ಮನುಷ್ಯ ಕೂತಿದ್ದರು. ನಾನು "ನಮಸ್ಕಾರ" ಎಂದೆ, ಅಷ್ಟೇ.

"ಮೇಷ್ಟ್ರು!" ಎಂದರು. ಎದ್ದು ನಿಂತು, ನಾನಿರುವ ಕಡೆಗಿಂತ ತುಸು ಬಲಕ್ಕೆ ಕೈ ಮುಗಿದರು.

ಸಕ್ಕರೆ ಕಾಯಿಲೆ ಎರಡು ವರ್ಷದ ಹಿಂದೆ ಕಣ್ಣಿಗೆ ಇಳಿದಿತ್ತು. ಮೊದಲು ಲಾರಿ ಬಿಟ್ಟರು. ಡ್ರಾಫ್ಟಿನ ಹೊತ್ತಿಗೆ ಬಲಗಣ್ಣು ಪೂರ್ತಿ ಹೋಗಿ, ಎಡಗಣ್ಣಿನಲ್ಲಿ ಮಬ್ಬು ಬೆಳಕಷ್ಟೇ ಉಳಿದಿತ್ತು. ಇದನ್ನೆಲ್ಲ ಯಾರದೋ ಕಥೆಯೆಂಬಂತೆ ಹೇಳಿದರು. ಅವರ ಹೆಂಡತಿ ಚಹಾ ತಂದರು, ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್ಕನ್ನೂ ತಂದು ನನ್ನ ಕೈಗೆ ಕೊಟ್ಟರು.

"ನಾನು ಐದ್ನೇ ಕ್ಲಾಸ್ ಓದೀನ್ರಿ ಸಾರ್. ಎಬಿಸಿಡಿ ಬರ್ತಾವೆ, ಕೂಡ್ಸಿ ಓದಾಕೆ ಬರಲ್ಲ. ಫೋನಿನಾಗೆ ಹೆಸ್ರು ಸರಸರ ಓಡ್ತಾವೆ, ಕೈಗೆ ಸಿಗಲ್ಲ. ಅದಕ್ಕೆ ಇದ್ರಾಗೆ ಬರ್ಕಂಡಿದ್ದೆ. ಒಂದು ವಾರ ಹಿಡೀತು."

ಪುಟ ತೆರೆದೆ. ಆ ಲೀಗಿನ ಆಟಗಾರರ ಹೆಸರುಗಳು, ಬೆರಳುದ್ದದ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ, ಪುಟದ ಮೇಲೆ ಪುಟ. ಇಪ್ಪತ್ತು ವರ್ಷ ಮಕ್ಕಳ ನೋಟ್‌ಬುಕ್ ತಿದ್ದಿದವನು ನಾನು, ಅಭ್ಯಾಸಬಲದಿಂದ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ಡ್ರಾಫ್ಟಿನ ದಿನ ಆಕೆ ಪಕ್ಕದಲ್ಲಿ ಕೂತು ಒಂದೊಂದೇ ಅಕ್ಷರ ಹೇಳುವುದು, ಇವರು ಮನಸ್ಸಿನಲ್ಲಿ ಕೂಡಿಸಿ ಹೆಸರು ಮಾಡುವುದು, ಗುಂಪಿನಲ್ಲಿ ಉಳಿದವರು ಬರೆದ ಹೆಸರುಗಳನ್ನು ಅದೇ ರೀತಿ ಕೇಳಿ ನೋಟ್‌ಬುಕ್ಕಿನಲ್ಲಿ ಹೊಡೆದು ಹಾಕಿಸುವುದು. ಇಷ್ಟೆಲ್ಲ ತೊಂಬತ್ತು ಸೆಕೆಂಡಿನಲ್ಲಿ.

"ಒಂದು ಮಾತು ಹೇಳಬೇಕಾಗಿತ್ತು ನೀವು" ಎಂದೆ. ನನ್ನ ದನಿ ನನಗೇ ತಪ್ಪಿತಸ್ಥನ ದನಿಯಾಗಿ ಕೇಳಿಸಿತು.

"ಹೇಳಿದ್ರೆ ಟೈಮ್ ಜಾಸ್ತಿ ಕೊಡ್ತಿದ್ರಿ. ಹೌದಲ್ಲ?"

"ಕೊಡ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ ಮೇಷ್ಟ್ರೇ. ಊರಾಗೆ ಕಂಡಕಂಡೋರು ಕೈ ಹಿಡ್ಕಂಡು ದಾಟುಸ್ತಾರೆ. ಪಾಪ ಅಂತಾರೆ. ನೀವೊಬ್ರು ಬೈತಿದ್ರಿ, ಕಣ್ಣಿರೋನಿಗೆ ಬೈದಂಗೆ."

ನವೆಂಬರದಲ್ಲಿ ಏನಾಗಿತ್ತು ಎಂದು ನಾನು ಕೇಳಲಿಲ್ಲ. ಹೆಂಡತಿಯೇ ಹೇಳಿದರು. ಉಳಿದಿದ್ದ ಎಡಗಣ್ಣಿನೊಳಗೆ ರಕ್ತ ಇಳಿದು ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಆಮೇಲೆ ಹದಿನೈದು ದಿನ ಹಗಲೂ ರಾತ್ರಿ ಬೋರಲು ಮಲಗಿರಬೇಕೆಂದು ಡಾಕ್ಟರು ಹೇಳಿದ್ದರು. "ಮುಖ ದಿಂಬಿಗೆ ಒತ್ತಿ ಮಲಗಿದ್ರು ಸಾರ್. ಆವಾಗ ನಿಮ್ಮ ಮೆಸೇಜು ಬಂತು. ಕೇಳ್ಸು ಅಂದ್ರು. ನಾನು ಕಿವಿ ಹತ್ರ ಹಿಡಿದೆ."

"ಸಾಕು ಬಿಡೇ" ಎಂದರು ಅವರು.

ನಿಯಮ ಬದಲಿಸುತ್ತೇನೆ, ನಿಮ್ಮ ಆಟಗಾರರನ್ನು ವಾಪಸ್ ಕೊಡಿಸುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು. "ನಡುವೆ ಹಂಗೆಲ್ಲ ಮಾಡಿದ್ರೆ ಉಳಿದೋರಿಗೆ ಅನ್ಯಾಯ ಆಕ್ಕೈತೆ." ಆಮೇಲೆ, "ಗುಂಪಿನಿಂದ ತೆಗೆದು ಹಾಕಿದ್ದು ಮಾತ್ರ…" ಎಂದು ಶುರು ಮಾಡಿ, ಮಾತು ಮುಗಿಸಲಿಲ್ಲ. ನಾನು ಕ್ಷಮೆ ಕೇಳಿದೆ. ಅವರು "ಚಾ ಆರ್ತೈತೆ, ಕುಡೀರಿ" ಎಂದರು.

ಊರಿಗೆ ಬಂದ ಮೇಲೆ ನನಗೊಂದು ಉಪಾಯ ಹೊಳೆಯಿತು. ಶನಿವಾರ ಸಂಜೆಯ ಪಂದ್ಯಗಳನ್ನು ನೋಡುತ್ತ ಅವರಿಗೆ ಫೋನಿನಲ್ಲಿ ಕನ್ನಡದಲ್ಲಿ ವಿವರಿಸತೊಡಗಿದೆ. ಮೂರು ವಾರ ಕೇಳಿದರು. ನಾಲ್ಕನೆಯ ವಾರ ಸಂಕೋಚದಿಂದಲೇ ಹೇಳಿದರು: "ತಪ್ಪು ತಿಳಿಬ್ಯಾಡ್ರಿ ಮೇಷ್ಟ್ರೇ. ನೀವು ಹೇಳೋದು ತಡ ಆಕ್ಕೈತೆ. ಕಾಮೆಂಟರಿಯೋರು ಮೊದ್ಲೇ ಹೇಳಿರ್ತಾರೆ. ನಿಮಗ್ಯಾಕೆ ತೊಂದ್ರೆ?" ಅಲ್ಲಿಗೆ ಅದೂ ನಿಂತಿತು. ನನ್ನ ಮನಸ್ಸು ಹಗುರವಾಗಲೆಂದು ನಾನು ಫೋನ್ ಮಾಡುತ್ತಿದ್ದೆ. ಅದು ಅವರಿಗೆ ತಿಳಿದಿತ್ತು ಎನ್ನಿಸುತ್ತದೆ.

ಮೇ ತಿಂಗಳಲ್ಲಿ ಟೂರ್ನಿಯನ್ನು ನಾನೇ ಗೆದ್ದೆ, ಎರಡನೆಯವರಾದ ನರ್ಸಮ್ಮನಿಗಿಂತ ಒಂಬತ್ತು ಅಂಕ ಹೆಚ್ಚು. ತೆಲಿಗಿಯವರಿಂದ ಬಂದ ಆ ಡಿಫೆಂಡರ್ ನನಗೆ ತಂದದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಗುಂಪಿನಲ್ಲಿ ಹಡಗಲಿಯ ಮಲ್ಲಿಗೆ ವ್ಯಾಪಾರಿ ಒಂದು ಹಾರದ ಚಿತ್ರ ಹಾಕಿದರು. ನಾನು ಧನ್ಯವಾದ ಕೂಡ ಬರೆಯಲಿಲ್ಲ.

ಮತ್ತೆ ಆಗಸ್ಟ್ ಬಂತು. "ಈ ವರ್ಷ ಡ್ರಾಫ್ಟ್ ಐತೇನ್ರಿ ಸರ್?" ಎಂದು ನರ್ಸಮ್ಮ ಕೇಳಿದರು. ಎರಡು ದಿನ ಬಿಟ್ಟು, ಬೇರೆ ಯಾರಾದರೂ ನಡೆಸಿಕೊಡಿ ಎಂದು ಬರೆದೆ. ಯಾರೂ ಮುಂದೆ ಬರಲಿಲ್ಲ. ಗುಂಪು ಈಗಲೂ ಇದೆ, ಹಬ್ಬಕ್ಕೆ ಯಾರಾದರೂ ಒಂದು ಶುಭಾಶಯ ಹಾಕುತ್ತಾರೆ.

ಮೊನ್ನೆ ಕಂಡಕ್ಟರ್ ಕೊಟ್ಟೂರಿನ ನಿಲ್ದಾಣದಲ್ಲಿ ಸಿಕ್ಕ. ಮುಖಾಮುಖಿ ಆದದ್ದು ಅದೇ ಮೊದಲು. ತೆಲಿಗಿಯವರು ಈಗಲೂ ನಿನ್ನ ಬಸ್ಸಿಗೆ ಬರುತ್ತಾರೆಯೇ ಎಂದು ಕೇಳಿದೆ.

"ಇಲ್ರಿ ಸರ್. ಇನ್ನ ಆಸ್ಪತ್ರಿಗೆ ಬಂದು ಉಪಯೋಗ ಇಲ್ಲ ಅಂತ ಡಾಕ್ಟರ್ ಹೇಳ್ಯಾರಂತ. ಅವರ ಹೆಂಡ್ತಿ ಹೇಳಿದ್ಳು, ಒಬ್ಬಾಕಿನ ಸಂತಿಗೆ ಹೊಂಟಿದ್ಳು."

"ಕಾಮೆಂಟರಿ ಕೇಳ್ತಾರಂತ?"

"ಅದನ್ನ ಕೇಳಾಕ ನನಗ ಬಾಯಿ ಬರ್ಲಿಲ್ರಿ" ಎಂದು ಆತ ಬಸ್ ಹತ್ತಿ ಸೀಟಿ ಊದಿದ.