ಹಿಂದಿನಿಂದ ಕೂಗಿದವಳು

ಆ ಬಿಳಿ ಹುಡಿ ಕಲೈವಾಣಿಯ ಕಣ್ಣಿಂದ ಹೋಗುತ್ತಲೇ ಇರಲಿಲ್ಲ. ಮಗುವಿಗೆ ರಾಗಿ ಗಂಜಿ ಕುಡಿಸುವಾಗಲೂ, ಬಟ್ಟೆ ಹಿಂಡಿ ಹರವುವಾಗಲೂ ಅದೇ ಕಾಣುತ್ತಿತ್ತು. ದೋಣಿಯ ತಳದಲ್ಲಿ, ದೇವರ ತಗಡಿನ ಸುತ್ತ, ಯಾರೋ ಸುಣ್ಣದಲ್ಲಿ ಬೆರಳದ್ದಿ ಬರೆದ ಹಾಗೆ ಒಂದು ಬಿಳಿ ಬಳೆ. ಗಂಡ ಮಾದೇಶ ಸಮುದ್ರದಂಡೆಯ ಪರಂಗಿಪೇಟೆಯಿಂದ ವಿಡಿಯೊ ಕಾಲ್ ಮಾಡಿದ್ದ. ಏಡಿ ತುಂಬಿದ ಬುಟ್ಟಿ ತೋರಿಸಲೆಂದು ಫೋನನ್ನು ದೋಣಿಯೊಳಗೆ ತಿರುಗಿಸಿದ. ಅತ್ತೆ ರಾಮಕ್ಕ ಏಡಿ ನೋಡಿದಳು. ಕಲೈ ನೋಡಿದ್ದು ಬಳೆಯನ್ನು.

ಅದೇನು ಅಂತ ಕೇಳಿದ್ದಕ್ಕೆ ಉಪ್ಪು ಅಂದ. ಒರೆಸಿ ನೋಡೋಣ ಅಂದಳು. ಒರೆಸಿದ, ಹೋಯಿತು. ಒಂದೆರಡು ದಿನ ಬಿಟ್ಟು ಅವನು ಕಾಲ್ ಮಾಡಿದಾಗ ಮತ್ತೆ ತೋರಿಸಿ ಎಂದು ಹಟ ಹಿಡಿದಳು. ಅವನು ನಗುತ್ತ ತೋರಿಸಿದ. ಬಳೆ ಮತ್ತೆ ಬಂದಿತ್ತು, ಮೊದಲಿಗಿಂತ ದಪ್ಪಗೆ.

ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳದಿರುವುದಕ್ಕೆ ಕಾರಣವಿತ್ತು. ಸೇಲಮ್ಮಿನ ನೇಕಾರರ ಬೀದಿಯಲ್ಲಿ ಹುಟ್ಟಿ, ಅಲ್ಲೇ ಇಂಗ್ಲಿಷ್ ಶಾಲೆಯಲ್ಲಿ ಓದಿ, ಮೆಟ್ಟೂರು ಹಿನ್ನೀರಿನ ಈ ಊರಿಗೆ ಸೊಸೆಯಾಗಿ ಬಂದ ದಿನದಿಂದ ಕಲೈ ಹೆದರದ ವಸ್ತುವಿಲ್ಲ. ಅಣೆಕಟ್ಟಿನ ಮೊಸಳೆ ಮನೆ ಬಾಗಿಲಿಗೆ ಬಂದೀತು ಎಂದು ಹೆದರಿದಳು. ಏರ್ಕಾಡಿನ ಘಾಟಿಯಲ್ಲಿ ಬಸ್ಸು ತಿರುವಿಗೊಂದರಂತೆ ಉರುಳುತ್ತದೆ ಎಂದು ಕಣ್ಣು ಮುಚ್ಚಿ ಕೂತಳು. ಮಗುವಿಗೆ ಹಲ್ಲು ಬರುವ ಜ್ವರಕ್ಕೆ ಇಡೀ ಮನೆಯನ್ನು ಆಸ್ಪತ್ರೆಗೆ ಹೊರಡಿಸಿದಳು. ಡಾಕ್ಟರಮ್ಮ ಮಗುವಿನ ಬಾಯಿಗೆ ಬೆರಳು ಹಾಕಿ ಹಲ್ಲು ತೋರಿಸಿ ಕಳಿಸಿದರು. ಆವತ್ತಿನಿಂದ ಊರಲ್ಲಿ ಯಾರಿಗೆ ಸೀನು ಬಂದರೂ 'ಕಲೈಗೆ ಯೋಳ್ಬ್ಯಾಡ್ರಪ್ಪ' ಅನ್ನುವುದು ರೂಢಿಯಾಯಿತು. ಅವಳ ಮುಂದೆಯೇ ಅನ್ನುತ್ತಿದ್ದರು, ಅವಳೂ ನಗುತ್ತಿದ್ದಳು.

ಆದರೆ ದೋಣಿ ಅವಳದು. ಅಪ್ಪ ಕುಪ್ಪುಸ್ವಾಮಿಗೆ ಮೊಣಕಾಲು ಹಿಡಿದು ಕುಳಿಮಗ್ಗಕ್ಕೆ ಇಳಿಯಲಾಗದೆ ಹೋದಾಗ, ಮಗ್ಗ ಮಾರಿ ಬಂದದ್ದನ್ನು ಈ ದೋಣಿಗೆ ಹಾಕಿದ. ಹಾಕುವಾಗ ಒಂದೇ ಮಾತು ಹೇಳಿದ್ದ: ದೋಣಿ ಮಗಳ ಹೆಸರಿನಲ್ಲಿರಬೇಕು. ಅಲ್ಯೂಮಿನಿಯಂ ದೋಣಿ, ಮೋಟರಿನದು. ಹರಿಗೋಲಿನ ಕಾಲ ಮುಗೀತು ಎನ್ನುತ್ತಿದ್ದ ಮಾದೇಶನಿಗೆ ಅದು ಬೆಳ್ಳಿಯ ಕುದುರೆ. ದೋಣಿಯ ಮೂತಿಯ ಮೇಲೆ, ನಂಬರಿನ ಕೆಳಗೆ, ತಮಿಳಿನಲ್ಲಿ ಅವಳ ಹೆಸರು. ಅವಳು ಅದರಲ್ಲಿ ಕೂತದ್ದು ಒಂದೇ ಸಲ, ಅದೂ ಎರಡೂ ಕೈಯಲ್ಲಿ ಅಂಚಿನ ಪಟ್ಟಿ ಹಿಡಿದು, ಕಣ್ಣು ಮುಚ್ಚಿ.

ದೋಣಿ ಬಂದ ದಿನ ರಾಮಕ್ಕ ತನ್ನ ಗಂಡ ಗೋವಿಂದಪ್ಪನ ಹರಿಗೋಲಿನ ಅಂಚಿಗೆ ಕಟ್ಟಿರುತ್ತಿದ್ದ ತಾಮ್ರದ ತಗಡನ್ನು ಹೊರತೆಗೆದಳು. ಅಂಗೈಯಗಲ, ಮೇಲೆ ಮಾದಪ್ಪನ ತ್ರಿಶೂಲ. ದೋಣಿಯ ಮುಂಭಾಗದ ತಳದಲ್ಲಿ, ನೀರು ನಿಲ್ಲುವ ಕಡೆಯೇ, ನಾಲ್ಕು ಮೂಲೆಗೆ ರಿವೆಟ್ ಹೊಡೆಸಿ ಕೂರಿಸಿದಳು. ದೇವರು ಒಣಗಬಾರದು. ಪ್ರತಿ ಸಲ ದೋಣಿ ಇಳಿಸುವ ಮುಂಚೆ ಕೆಳಗಿನ ನೀರನ್ನೇ ಬೊಗಸೆಯಲ್ಲಿ ಮೊಗೆದು ಅದರ ಮೇಲೆ ಹೊಯ್ಯಬೇಕು, ಆಮೇಲೆ ತಳ್ಳಬೇಕು. ಮಾದೇಶ ಒಂದು ದಿನವೂ ಮರೆತವನಲ್ಲ. ಹಿನ್ನೀರಿನಲ್ಲಿದ್ದಷ್ಟು ಕಾಲ ತಗಡಿಗೂ ಏನಾಗಲಿಲ್ಲ, ದೋಣಿಗೂ ಏನಾಗಲಿಲ್ಲ.

ಪೊಂಗಲ್ ಕಳೆದ ಮೇಲೆ ಅಣೆಕಟ್ಟಿನ ನೀರು ಇಳಿಯಿತು, ಬಲೆಗೆ ಕೆಸರು ಬರತೊಡಗಿತು. ಪರಂಗಿಪೇಟೆಯ ಸ್ನೇಹಿತ ಇಳಂಗೋ ಕರೆದ. ನದಿ ಸಮುದ್ರ ಸೇರುವ ಕಡೆ ಏಡಿ ಚೆನ್ನಾಗಿದೆ, ದೋಣಿ ತಗೊಂಡು ಬಾ ಅಂದ. ಶಂಕಗಿರಿಯ ಲಾರಿಯೊಂದು ಆ ಕಡೆ ಖಾಲಿ ಹೋಗುವುದಿತ್ತು. ಲಾರಿಗೆ ಏರಿಸುವ ಮುಂಚೆ ದೋಣಿ ಮಾಡಿಕೊಟ್ಟ ವಿಶ್ವನಾಥನ್ ತಾನೇ ಬಂದು ನೋಡಿದ. ಅಲ್ಯೂಮಿನಿಯಂ ಸಿಹಿನೀರಿನಲ್ಲಿ ಮಗು ಇದ್ದ ಹಾಗಿರುತ್ತದೆ, ಉಪ್ಪುನೀರಿನಲ್ಲಿ ಜೊತೆಗೆ ಬೇರೆ ಲೋಹ ಸೇರಿದರೆ ಕೆಡುತ್ತದೆ ಅಂತ ಹೇಳಿದ. ಹಿತ್ತಾಳೆಯ ಬೋಲ್ಟು ಬಿಚ್ಚಿ ಬೇರೆಯದು ಹಾಕಿದ, ಕಬ್ಬಿಣ ಮುಟ್ಟುವ ಕಡೆ ರಬ್ಬರು ಕೊಟ್ಟ. ಹೊರಗೆ ಮೋಟರಿನ ಪಕ್ಕ ಒಂದು ಸತುವಿನ ತುಂಡು ಕಚ್ಚಿಸಿದ. ಉಪ್ಪುನೀರು ಏನನ್ನಾದರೂ ತಿನ್ನಲೇಬೇಕು, ಮೊದಲು ಇದನ್ನು ತಿನ್ನಲಿ, ಇದು ಸವೆದರೆ ಬೇರೆ ಹಾಕಿ ಅಂದ. ದಿನಾ ದಡಕ್ಕೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆಯಬೇಕೆಂದು ಎರಡೆರಡು ಸಲ ಹೇಳಿದ. ಆಮೇಲೆ ಅರಿಶಿನ ಕುಂಕುಮ ಮೆತ್ತಿದ್ದ ತಗಡಿನ ಮುಂದೆ ಬಂದು, ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೋದ.

ದೋಣಿಯಲ್ಲಿದ್ದ ಒಂದೊಂದು ಲೋಹವನ್ನೂ ಲೆಕ್ಕಕ್ಕೆ ತಂದವರು ಅದೊಂದನ್ನು ಬಿಟ್ಟರು. ಅದು ತಾಮ್ರ ಅಂತ ಅಲ್ಲಿದ್ದ ಯಾರಿಗೂ ಅನ್ನಿಸಲಿಲ್ಲ. ಅದು ದೇವರು.

ಕಲೈಗೂ ಆವತ್ತು ಅನ್ನಿಸಲಿಲ್ಲ. ಅನ್ನಿಸಿದ್ದು ಬಿಳಿ ಬಳೆ ನೋಡಿದ ಮೇಲೆ. ಸೇಲಮ್ಮಿನಲ್ಲಿ ಅವಳ ಅಮ್ಮ ಒಮ್ಮೆ ನಿಂಬೆಕಾಯಿ ಉಪ್ಪಿನಕಾಯಿಯನ್ನು ಅಲ್ಯೂಮಿನಿಯಂ ಡಬರಿಗೆ ಹಾಕಿ, ಹಿತ್ತಾಳೆ ಸೌಟನ್ನು ಅದರೊಳಗೇ ಮರೆತಿದ್ದಳು. ಸೌಟು ಒರಗಿದ್ದ ಕಡೆ ಇದೇ ಬಿಳಿ ಹುಡಿ. ಉಜ್ಜಿದರೆ ಕೆಳಗೆ ಸೂಜಿತೂತು. ಉಪ್ಪಿನಕಾಯಿ ರಸ ಅಟ್ಟದಿಂದ ಅಪ್ಪ ಮಗ್ಗಕ್ಕೆ ಹಾಸಿದ್ದ ನೂಲಿನ ಮೇಲೆ ತೊಟ್ಟಿಕ್ಕಿ ಮನೆಯಲ್ಲಿ ದೊಡ್ಡ ರಂಪವಾಗಿತ್ತು.

ಮನಸ್ಸು ತಡೆಯದೆ ತಿಂಡಿ ಡಬ್ಬಿಯ ಅಲ್ಯೂಮಿನಿಯಂ ಮುಚ್ಚಳಕ್ಕೆ ಉಪ್ಪುನೀರು ಹೊಯ್ದು, ಮುರಿದ ತಾಮ್ರದ ಚೊಂಬಿನ ಕಿವಿಯನ್ನು ಅದರಲ್ಲಿಟ್ಟು ಅಟ್ಟದ ಮೇಲಿರಿಸಿದಳು. ಕೆಲವು ದಿನ ಬಿಟ್ಟು ತೆಗೆದರೆ ತಾಮ್ರ ಕೂತ ಕಡೆ ಸಿಡುಬಿನ ಕಲೆಯ ಹಾಗೆ ಕುಳಿ ಕುಳಿ. ತಂದು ಅತ್ತೆಗೆ ತೋರಿಸಿದಳು. ರಾಮಕ್ಕ ಮುಚ್ಚಳವನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದಳು.

"ಚೆಂದಾಗಿದ್ ಮುಚ್ಚಳ ಆಳ್ ಮಾಡ್ಬುಟ್ಟೆ" ಅಂದಳು.

ಆ ವಾರ ಮಾದೇಶ ಊರಿಗೆ ಬಂದ. ಕಲೈ ಅವನಿಗೂ ಮುಚ್ಚಳ ತೋರಿಸಿದಳು, ಉಪ್ಪಿನಕಾಯಿ ಕಥೆ ಹೇಳಿದಳು, ಸತುವಿನ ತುಂಡು ಹೊರಗಿದೆ, ಒಳಗಿನದನ್ನು ಅದು ಕಾಯುವುದಿಲ್ಲ, ತಗಡು ಒಳಗಿದೆ, ದಿನಾ ನೀವೇ ಕೈಯಾರೆ ಅದಕ್ಕೆ ಉಪ್ಪುನೀರು ಕುಡಿಸುತ್ತಿದ್ದೀರಿ ಅಂದಳು. ಅವನು ಕೇಳಿದ. ಕೇಳಿ, ಅಮ್ಮ ಊಂ ಅಂದರೆ ಬಿಚ್ಚುತ್ತೇನೆ ಅಂದ. ಈ ಸಲ ಹೋದ ಕೂಡಲೇ ಇಳಂಗೋ ಜೊತೆ ನದೀಮುಖ ದಾಟಿ ಸಮುದ್ರಕ್ಕೇ ಇಳಿಯುವುದು, ದೊಡ್ಡ ಬಲೆ, ತುಂಬ ಭಾರ. ಅಂಥಾ ಹೊತ್ತಲ್ಲಿ ಮಾದಪ್ಪನನ್ನು ಕೀಳು ಅಂತ ಅಮ್ಮನಿಗೆ ಹೇಳುವ ಧೈರ್ಯ ತನಗಿಲ್ಲ ಅಂತಲೂ ಅಂದ.

ಧೈರ್ಯ ಮಾಡಿ ಹೇಳಿದವಳು ಆ ಮನೆಯ ಹೆದರುಪುಕ್ಕಲಿಯೇ. ರಾಮಕ್ಕ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೇ ವಾಸಿಯಿತ್ತು.

"ನಿಮ್ ಮಾವ ಬಾಳ್ವೆಯೆಲ್ಲ ಈ ತಗಡು ಕಟ್ಕಂಡೇ ಅರಗೋಲು ಆಕ್ದ. ಎಂತೆಂತಾ ಗಾಳಿ ಬಂತು. ನೀರು ಅವನ್ನ ಮುಟ್ಲಿಲ್ಲ ಕಣಮ್ಮಾ, ಮಂಚದ್ ಮ್ಯಾಲೆ ಓದ. ಒಂದು ಕಿತ ಕಣ್ ಮುಚ್ಕಂಡು ದೋಣೀಲಿ ಕುಂತೋಳು ನೀನು. ನಂಗೆ ಯೋಳ್ತೀಯಾ?"

ಕಲೈ ಮುಚ್ಚಳವನ್ನು ಮತ್ತೆ ಅಟ್ಟಕ್ಕೆ ಸೇರಿಸಿದಳು. ರಾತ್ರಿ ಬಸ್ಸಿಗೆ ಮಾದೇಶ ಹೊರಟ.

ಅವನು ಹೊಸಿಲು ದಾಟಿದ ಮೇಲೆ ಮತ್ತೆ ಮಾತಿಲ್ಲ. ನೀರಿಗೆ ಹೊರಟವನನ್ನು ಹಿಂದಿನಿಂದ ಕೂಗಬಾರದು. ಮರೆತ ಬೀಡಿಕಟ್ಟನ್ನು ಕೊಡಲಿಕ್ಕೂ ಕೂಗಬಾರದು. ಕೂಗಿದರೆ ನೀರು ಆ ಹೆಸರು ಕೇಳಿಸಿಕೊಳ್ಳುತ್ತದಂತೆ. ಮನೆಗೆ ಮೊಬೈಲು ಬಂದಾಗ ರಾಮಕ್ಕ ಅದನ್ನೂ ಈ ಕಟ್ಟಿಗೆ ಸೇರಿಸಿದ್ದಳು. ಹೋದವನು ಮೊದಲ ಬಲೆ ಎಳೆದು ತಾನಾಗಿ ಫೋನು ಮಾಡಬೇಕು, ಮನೆಯವರು ಮಾಡಬಾರದು. ಮದುವೆಯಾದಂದಿನಿಂದ ಕಲೈ ಇದನ್ನು ಮೀರಿದವಳಲ್ಲ. ಮಗುವಿಗೆ ಜ್ವರ ಬಂದ ದಿನವೂ ಮೀರಿರಲಿಲ್ಲ.

ಮರುದಿನ ಮಧ್ಯಾಹ್ನ ಬಿಸಿಲು ಹೊಸಿಲವರೆಗೆ ಬಂದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ದೋಣಿ ಇಳಿಸುತ್ತಾರೆ. ಸೀರೆಯ ತೊಟ್ಟಿಲಲ್ಲಿ ಮಗು ಮಲಗಿತ್ತು. ರಾಮಕ್ಕ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಕಲೈ ತೊಟ್ಟಿಲು ತೂಗುತ್ತಲೇ ಇದ್ದಳು, ಮಗು ಮಲಗಿ ಎಷ್ಟು ಹೊತ್ತಾಯಿತೆಂಬುದೂ ಅವಳಿಗೆ ತಿಳಿಯದು. ಹಾಗೆ ತೂಗುವಾಗ ಅಪ್ಪನ ಮಗ್ಗದ ಸದ್ದು ನೆನಪಾಯಿತು. ಚಿಕ್ಕವಳಿದ್ದಾಗ, ಹಾಸಿನಲ್ಲಿ ಎಲ್ಲೋ ಒಂದು ಎಳೆ ತುಂಡಾದರೆ ಅಪ್ಪನಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. 'ಅಪ್ಪಾ, ಏನೋ ಆಗಿದೆ' ಅನ್ನುತ್ತಿದ್ದಳು. ಹತ್ತರಲ್ಲಿ ಒಂಬತ್ತು ಸಲ ಏನೂ ಆಗಿರುತ್ತಿರಲಿಲ್ಲ. ಆದರೂ ಕುಪ್ಪುಸ್ವಾಮಿ ಒಂದು ಸಲವೂ ಬೈಯಲಿಲ್ಲ. ಕಾಲು ತೆಗೆದು, ಲಾಳಿ ಕೆಳಗಿಟ್ಟು, ಬಗ್ಗಿ ನೋಡುತ್ತಿದ್ದ. ಮೊದಲು ಮಗ್ಗ ನಿಲ್ಲುತ್ತಿತ್ತು, ಮಿಕ್ಕಿದ್ದು ಆಮೇಲೆ.

ತೊಟ್ಟಿಲು ಬಿಟ್ಟು ಎದ್ದಳು. ಗೂಡಿನಲ್ಲಿದ್ದ ಫೋನು ತೆಗೆದು, ಒಳಗೆ ಹೋಗಿ ಕದ್ದು ಮಾಡದೆ, ಜಗಲಿಗೇ ಬಂದು ನಿಂತಳು.

ರಾಮಕ್ಕ ತಲೆಯೆತ್ತಿದಳು. "ಮಡಗು ಅದ್ನ."

"ಮಡಗಲ್ಲ, ಅತ್ತೆ."

"ದೋಣಿ ಇಳಿಸೋ ಒತ್ತು. ಗಂಡನ್ ಎಸ್ರು ನೀರಿಗೆ ಕೇಳಿಸ್ಬೇಕಾ ನಿಂಗೆ?"

"ನೀರಿಗೂ ಕೇಳಿಸ್ಲಿ. ಅವ್ರಿಗೆ ಕೇಳಿಸಿದ್ರೆ ಸಾಕು. ನಾಳೆ ಏನಾದ್ರೂ ಆದ್ರೆ, ಕೂಗಿದ್ಲು ಅಂತ ನೀವು ನನ್ನ ಊರ್ ಮುಂದೆ ಬೈದ್ರೂ ತಡ್ಕೋತೀನಿ. ಕೂಗ್ಲಿಲ್ಲ ಅಂತ ನಾನೇ ಬೈಕೊಳ್ಳೋದನ್ನ ತಡ್ಕೊಳೋಕಾಗಲ್ಲ."

ಮಾದೇಶನ ನಂಬರು ಒತ್ತಿದಳು. ಗಂಟೆ ಬಾರಿಸಿತು, ಆ ಕಡೆ ಕತ್ತರಿಸಿದರು. ಮತ್ತೆ ಒತ್ತಿದಳು, ಮತ್ತೆ ಕತ್ತರಿಸಿದರು. ಮೂರನೆಯ ಸಲ ಗಾಳಿಯ ಸದ್ದು, ಅದರ ಹಿಂದೆ ಅಲೆ, ಆಮೇಲೆ ಮಾದೇಶ.

"ಏನ್ ಕಲೈ ಇದು. ಇಂದ್ಲಿಂದ ಕೂಗ್ಬುಟ್ಯಲ್ಲ."

ಪಕ್ಕದಲ್ಲಿ ಇಳಂಗೋ ತಮಿಳಿನಲ್ಲಿ ನಗುವುದು ಕೇಳಿಸಿತು. "ಯಾರುಡಾ, ಓನರ್ ಅಮ್ಮಾವಾ?"

"ಆಮಾ ಅಂತ ಹೇಳಿ ಅವ್ರಿಗೆ" ಅಂದಳು ಕಲೈ. "ಹೌದು, ಓನರೇ. ದೋಣಿ ಇನ್ನೂ ಮಳಲ ಮೇಲೈತಾ?"

"ಐತೆ. ತಳ್ಬೇಕು ಅಂತಿದ್ವಿ."

"ತಳ್ಬೇಡಿ. ಚೂರಿ ತಗೊಳ್ಳಿ. ತಗಡಿನ ಅಂಚಲ್ಲಿ, ಬಿಳಿ ಬಂದಿರೋ ಕಡೆ, ತುದಿ ಇಟ್ಟು ಒತ್ತಿ ನೋಡಿ. ಗಟ್ಟಿ ಐತೆ ಅಂದ್ರೆ ಹೋಗಿ ಬನ್ನಿ. ಇನ್ನು ಯಾವತ್ತೂ ಯಾವುದಕ್ಕೂ ನಾನು ಬಾಯಿ ಬಿಡಲ್ಲ."

ಅವನು ಏನೋ ಗೊಣಗಿದ. ಫೋನನ್ನು ಎಲ್ಲೋ ಇಟ್ಟ ಸದ್ದು. ಆಮೇಲೆ ಬರೀ ಅಲೆ. ಜಗಲಿಯಲ್ಲಿ ಕಡಲೆಕಾಯಿ ಸುಲಿಯುವ ಸದ್ದು ನಿಂತಿತ್ತು. ಒಳಗೆ ಮಗು ನಿದ್ದೆಯಲ್ಲಿ ಒಮ್ಮೆ ಮುಲುಗಿತು. ಕಲೈ ಆ ಕಡೆ ತಿರುಗಲಿಲ್ಲ, ಇದೇ ಮೊದಲ ಸಲ.

"ಕಲೈ."

"ಎನ್ನ ಆಚ್ಚು? ಏನಾಯ್ತು?"

"ಚೂರಿ ಒಳಕ್ಕೋಯ್ತು. ಒಣಗಿದ್ ಅಪ್ಪಳ ಇದ್ದಂಗೈತೆ. ತೂತಲ್ಲಿ ಕೆಳಗ್ಲ ಮಳ್ಲು ಕಾಣ್ತೈತೆ."

ಇಳಂಗೋನ ನಗು ಈಗ ಇರಲಿಲ್ಲ. ಕಲೈ ಅಳುತ್ತೇನೆಂದುಕೊಂಡಿದ್ದಳು, ಅಳು ಬರಲಿಲ್ಲ. ತಗಡು ಬಿಚ್ಚಬೇಕು, ವಿಶ್ವನಾಥನ್‌ಗೆ ಫೋಟೊ ಕಳಿಸಬೇಕು, ಅವನು ಹೇಳಿದ ಹಾಗೆ ತೇಪೆ ಬೀಳುವ ತನಕ ದೋಣಿ ನೀರು ಕಾಣಬಾರದು ಎಂದಳು. ತಗಡನ್ನು ತೊಳೆದು, ಒಗೆದ ಟವಲ್ಲಿನಲ್ಲಿ ಸುತ್ತಿ ಮನೆಗೆ ತರಲು ಹೇಳುತ್ತಿದ್ದಳು; ಆಗ ರಾಮಕ್ಕ ಬಾಯಿ ಬಿಟ್ಟಳು. ಕಣ್ಣು ಕಡಲೆಕಾಯಿ ಮೇಲೇ ಇತ್ತು.

"ಸಿಹಿನೀರಾಗೆ ತೊಳಿ ಅನ್ನು" ಅಂದಳು. "ಪಾಪ, ಉಪ್ಪು ಕುಡ್ದು ಕುಡ್ದು ಸಾಕಾಗಿರ್ತೈತೆ ಅದ್ಕೂ."

ಕಲೈ ಅದನ್ನೂ ಹೇಳಿದಳು. ಮಾದೇಶ ಸರಿ ಸರಿ ಅಂದ, ಇನ್ನು ಇಡ್ತೀನಿ ಅಂದ.

"ಒಂದು ನಿಮಿಷ" ಅಂದಳು. "ಇವತ್ತು ಎರಡು ಸಲ ಕಟ್ ಮಾಡಿದ್ರಿ. ನಾಳೆಯೂ ಕೂಗ್ತೀನಿ. ಮೊದಲ್ನೇ ಸಲಕ್ಕೇ ಎತ್ಕೊಳ್ಳಿ."