ಏಳನೇ ಬೋರಿನ ನೀರು ಎಲ್ಲಿಗೆ ಹೋಯಿತು

ನಾನು ಓದು ನಿಲ್ಲಿಸಿದ್ದು 1989ರಲ್ಲಿ, ಮಿರ್ಲೆಯ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ ಮೇಲೆ. ಫೇಲಾಗಿ ಬಿಟ್ಟವನಲ್ಲ, ಲೆಕ್ಕದಲ್ಲಿ ಇಡೀ ತರಗತಿಗೆ ಮೊದಲಿಗ. ಅಪ್ಪ ಸೊಂಟ ಮುರಿದುಕೊಂಡು ಮಲಗಿದರು, ಗದ್ದೆಗೆ ಆಳು ಬೇಕಾಯಿತು, ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ದೊಡ್ಡ ದೊಡ್ಡ ಡಿಗ್ರಿ ಪಡೆದವರು ನನ್ನ ಕೈಬರಹ ನಂಬಿಕೊಂಡು ಸೇತುವೆ, ನೀರಿನ ಟ್ಯಾಂಕು, ನಾಲ್ಕು ಮಹಡಿಯ ಆಸ್ಪತ್ರೆ ಕಟ್ಟಿದ್ದಾರೆ. ಒಂದೂ ಕುಸಿದಿಲ್ಲ.

ನಮ್ಮದು ಮಣ್ಣು ಪರೀಕ್ಷೆಯ ಬೋರಿಂಗ್ ಕೆಲಸ. ಹುಣಸೂರಿನಲ್ಲಿ ನನ್ನ ಶೆಡ್ಡು. ನೆಲ ಕೊರೆಯುವ ಯಂತ್ರವಾದ ರಿಗ್ ನಿಲ್ಲಿಸಿದ ಕಡೆಯೆಲ್ಲ ಜನ ಬಂದು “ಎಷ್ಟ್ ಇಂಚ್ ನೀರ್ ಬಂತು?” ಎಂದು ಕೇಳುತ್ತಾರೆ. ನಾವು ನೀರಿಗಾಗಿ ಕೊರೆಯುವವರಲ್ಲ. ಮೇಲೆ ಏಳುವ ಕಟ್ಟಡದ ಭಾರವನ್ನು ಕೆಳಗಿನ ನೆಲ ತಡೆಯುತ್ತದೆಯೇ ಎಂದು ನೋಡುವವರು. ಮಣ್ಣಿರುವ ತನಕ 63.5 ಕಿಲೋ ತೂಕದ ಹ್ಯಾಮರನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಏಟು ಬೇಕಾಯಿತು ಎಂದು ಎಣಿಸುತ್ತೇವೆ. ಬಂಡೆ ಸಿಕ್ಕಮೇಲೆ ವಜ್ರದ ಹರಳು ಕೂರಿಸಿದ ಬಿಟ್ ಹಾಕಿ ಕೊರೆಯುತ್ತೇವೆ. ರಾಡಿನ ಒಳಗಿಂದ ಬಿಟ್ಟ ನೀರು ಬಂಡೆಯ ಪುಡಿಯನ್ನು ಹೊತ್ತುಕೊಂಡು ಮತ್ತೆ ಮೇಲೆ ಬರಬೇಕು. ಬರದಿದ್ದರೆ ಅದಕ್ಕೆ ‘ವಾಟರ್ ಲಾಸ್’ ಎನ್ನುತ್ತಾರೆ. ಎಷ್ಟನೇ ಮೀಟರಿನಲ್ಲಿ ಏನು ಸಿಕ್ಕಿತು, ಎಲ್ಲಿ ನೀರು ನಿಂತಿತು, ಎಲ್ಲವನ್ನೂ ‘ಬೋರ್ ಲಾಗ್’ ಎಂಬ ಹಾಳೆಯಲ್ಲಿ ಅಲ್ಲಲ್ಲೇ ಬರೆಯಬೇಕು. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಸೈಟ್ ಇಂಜಿನಿಯರ್ ಸಹಿ.

ನಾನು ಹೇಳಹೊರಟಿರುವುದು 2023ರ ಮಾರ್ಚ್ ತಿಂಗಳ ಕಥೆ. ನಾನು ಸ್ವಂತ ರಿಗ್ ಇಟ್ಟು ಆಗ ಇಪ್ಪತ್ತೆರಡು ವರ್ಷ. ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಹೋಗುವ ದಾರಿಯಿಂದ ಒಳಗೆ ಒಂದು ಸಣ್ಣ ಊರು, ಎಪ್ಪತ್ತು ಮನೆ ಇರಬಹುದು. ಊರಿನ ಮೇಲ್ಗಡೆ ದಿಣ್ಣೆಯ ಸರ್ಕಾರಿ ಜಮೀನಿನಲ್ಲಿ ಉಕ್ಕಿನ ಕೊಳವೆ ಮಾಡುವ ಕಾರ್ಖಾನೆ ಬರುವುದಿತ್ತು. ಅದಕ್ಕೆ ಸರ್ಕಾರವೂ ಕಂಪನಿಯೂ ಎಂಒಯು ಮಾಡಿಕೊಂಡಿದ್ದವು. ಎಂಒಯು ಎಂದರೆ ತಿಳಿವಳಿಕೆ ಪತ್ರ. ನಾನು ಇಷ್ಟು ಬಂಡವಾಳ ಹಾಕುತ್ತೇನೆ ಎಂದು ಕಂಪನಿ, ನಾನು ನೆಲ, ನೀರು, ಕರೆಂಟು ಕೊಡಿಸಲು ನೆರವಾಗುತ್ತೇನೆ ಎಂದು ಸರ್ಕಾರ ಬರೆದುಕೊಳ್ಳುವುದು. ಅದು ಮಂಜೂರಾತಿ ಅಲ್ಲ. ಆದರೆ ಊರಿನವರ ಪಾಲಿಗೆ ಪೇಪರಿನಲ್ಲಿ ಇಬ್ಬರು ಕೈಕುಲುಕಿದ ಫೋಟೊ ಬಂತು ಎಂದರೆ ಎಲ್ಲ ಮುಗಿದಂತೆಯೇ.

ಅಸಲಿಗೆ ಏನೂ ಮುಗಿದಿರಲಿಲ್ಲ. ನೆಲ ಕಾರ್ಖಾನೆಗೆ ಯೋಗ್ಯವೆಂಬ ವರದಿಯನ್ನು ಕಂಪನಿ ಮಾರ್ಚ್ ಮುಗಿಯುವುದರೊಳಗೆ ಸಲ್ಲಿಸಬೇಕಿತ್ತು. ಇಲ್ಲವಾದರೆ ಒಪ್ಪಂದದ ಅವಧಿ ತೀರಿಹೋಗುತ್ತಿತ್ತು. ಒಟ್ಟು ಹತ್ತು ಬೋರು. ನಾವು ಲಾಗ್ ಕೊಟ್ಟರೆ ಬೆಂಗಳೂರಿನ ಕನ್ಸಲ್ಟೆಂಟ್ ಒಬ್ಬರು ವರದಿ ಬರೆಯುವವರು. ಕಂಪನಿಯ ಸೈಟ್ ಇಂಜಿನಿಯರ್ ಪ್ರವೀಣ್ ಎಂಬ ಹುಡುಗ, ಮೂವತ್ತು ದಾಟಿರಲಿಲ್ಲ. ಕೆಟ್ಟವನಲ್ಲ. ಆದರೆ ದಿನಕ್ಕೆ ಹತ್ತು ಸಲ ಫೋನಿನಲ್ಲಿ ತಾರೀಖು ನೋಡಿಕೊಳ್ಳುತ್ತಿದ್ದ.

ಆರು ಬೋರು ಸಲೀಸಾಗಿ ಆದವು. ಏಳನೆಯದು ಆ್ಯಸಿಡ್ ತೊಟ್ಟಿ ಬರುವ ಜಾಗ. ಕೊಳವೆಗೆ ಸತುವಿನ ಲೇಪ ಕೊಡುವ ಮೊದಲು ಆ್ಯಸಿಡ್‌ನಲ್ಲಿ ಅದ್ದಿ ತೊಳೆಯುತ್ತಾರಂತೆ, ಅದಕ್ಕೆ ನೆಲದೊಳಗೆ ಆಳವಾದ ತೊಟ್ಟಿಗಳು ಬೇಕು. ಅಲ್ಲಿ ಆರು ಮೀಟರಿಗೆ ಬಂಡೆ ಸಿಕ್ಕಿತು. ಮಧ್ಯಾಹ್ನ ಮೂರರ ಹೊತ್ತಿಗೆ 14.20 ಮೀಟರಿನಲ್ಲಿ ರಾಡು ಒಂದು ಗೇಣು ತಾನಾಗಿಯೇ ಕುಸಿಯಿತು, ಮೇಲೆ ಬರುತ್ತಿದ್ದ ನೀರು ನಿಂತೇಹೋಯಿತು. ಇಪ್ಪತ್ತು ವರ್ಷದಿಂದ ನನ್ನ ಜೊತೆಯಲ್ಲೇ ಇರುವ ಮಾದೇವ ತಲೆ ಎತ್ತಿ ನೋಡಿದ.

“ಅಣ್ಣ, ಪೂರ್ತಿ ಕುಡೀತಾ ಅದೆ.”

“ಬೆಂಟೊನೈಟ್ ಕಲ್ಸು, ಮಂದವಾಗಿ,” ಎಂದೆ.

ಬೆಂಟೊನೈಟ್ ಎಂದರೆ ಬೂದುಬಣ್ಣದ ಜೇಡಿಪುಡಿ. ನೀರಿನಲ್ಲಿ ಕಲಸಿ ಬಿಟ್ಟರೆ ಬಿರುಕು ಮುಚ್ಚುತ್ತದೆ. ಸಂಜೆಯವರೆಗೆ ಆರು ಚೀಲ ಸುರಿದೆವು, ಅದನ್ನೂ ಕುಡಿಯಿತು. ನಾನು ಲಾಗ್‌ನಲ್ಲಿ ‘14.20 ಮೀ., ಪೂರ್ತಿ ವಾಟರ್ ಲಾಸ್’ ಎಂದು ಪೆನ್ಸಿಲ್‌ನಲ್ಲಿ ಬರೆದು ಶೆಡ್ಡಿಗೆ ಹೊರಟೆ. ಅಷ್ಟು ವರ್ಷದಲ್ಲಿ ಆ ಎರಡು ಪದವನ್ನು ನೂರಾರು ಹಾಳೆಯಲ್ಲಿ ಬರೆದಿದ್ದೇನೆ. ಒಳಗೆ ಹೋದ ನೀರು ಎಲ್ಲಿಗೆ ಹೋಯಿತು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಹೋದರೆ ರಿಗ್ ಸುತ್ತ ಇಪ್ಪತ್ತೈದು ಜನ. ಮುಂದೆ ನಿಂತವರು ಜಯಮ್ಮ, ಅರವತ್ತರ ಆಸುಪಾಸಿನ ಹೆಂಗಸು. ಊರಿನವರೆಲ್ಲ ಕುಡಿಯುವ ನೀರಿನ ಬಾವಿ ಇರುವುದು ಅವರ ಹೊಲದ ಅಂಚಿನಲ್ಲಿ. ನಮ್ಮ ಡೀಸೆಲ್ ಇಂಜಿನ್ ತಿರುಗಿಸುವ ಹ್ಯಾಂಡಲ್ ಅವರ ಕಂಕುಳಲ್ಲಿತ್ತು. ಹ್ಯಾಂಡಲ್ ಇಲ್ಲದೆ ರಿಗ್ ಅಲುಗಾಡುವುದಿಲ್ಲ. ರಾಡು ಇನ್ನೂ ಹದಿನಾಲ್ಕು ಮೀಟರ್ ಕೆಳಗೇ ಇತ್ತು. ಹಾಗೇ ಬಿಟ್ಟರೆ ಬೆಂಟೊನೈಟ್ ಗಟ್ಟಿಯಾಗಿ ಸಿಕ್ಕಿಕೊಂಡುಬಿಡುತ್ತದೆ. ಜಯಮ್ಮ ಒಂದು ಬಿಂದಿಗೆಯನ್ನು ನನ್ನ ಕಾಲ ಬಳಿ ಇಟ್ಟರು. ಒಳಗೆ ಬೂದಿ ಕಲಸಿದಂಥ ನೀರು.

“ಏನಪ್ಪಾ ಮೇಸ್ತ್ರಿ, ನಮ್ ಬಾವಿಗೆ ಏನ್ ಉಯ್ದೆ?”

“ಅವ್ವ, ಅದು ಬರೀ ಜೇಡಿಮಣ್ಣು. ವಿಷ ಅಲ್ಲ.”

“ಮಣ್ಣೋ ಇನ್ನೊಂದೋ, ನಿನ್ನೆ ಗಂಟ ಇರ್ನಿಲ್ಲ. ನಮ್ಮನ್ನ ಎಬ್ಬುಸ್ಬೇಕು ಅಂದ್ರೆ ಬಾಯ್ಬುಟ್ಟು ಯೋಳಿ, ನೀರ್ ಕೆಡುಸ್ಬ್ಯಾಡಿ.”

ಹಿಂದಿನಿಂದ ಒಬ್ಬ ಕೂಗಿದ: “ಎಂಒಯು ಮಾಡ್ಕಂಡ್ರಲ್ಲ, ಬಾವೀನೂ ಬರ್ಕೊಟ್ಟವ್ರೆ ಬುಡು!”

ಅಷ್ಟರಲ್ಲಿ ಪ್ರವೀಣ್ ಜೀಪಿನಲ್ಲಿ ಬಂದ. ಬಂದವನು ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋದ. “ಬಾವಿ ನೂರ ಇಪ್ಪತ್ತು ಮೀಟರ್ ದೂರ ಇದೆ. ಬೇಸಿಗೆ, ತಳ ಕಲಕಿರುತ್ತೆ ಅಷ್ಟೆ. ನೀವು ಈ ಹಾಳೆ ಹರಿದುಹಾಕಿ. ಮೂವತ್ತು ಮೀಟರ್ ಆ ಕಡೆಗೆ ಹೊಸ ಬೋರ್ ಹಾಕಿ, ಅದನ್ನೇ ಏಳನೇ ನಂಬರ್ ಮಾಡೋಣ.”

“ತೊಟ್ಟಿ ಇಲ್ಲಿ ತಾನೇ ಬರೋದು, ಸಾರ್?”

ಅವನು ಮತ್ತೆ ಫೋನಿನಲ್ಲಿ ತಾರೀಖು ನೋಡಿಕೊಂಡ.

ನಾನು ಅವನ ಕೈಲಿದ್ದ ನಕ್ಷೆ ಕೇಳಿ ಇಸಿದುಕೊಂಡೆ. ಅದರಲ್ಲಿ ಜಾಗ ಜಾಗದ ನೆಲಮಟ್ಟ ಬರೆದಿತ್ತು. ಬಾವಿಯ ಕಟ್ಟೆ ನಮ್ಮ ಬೋರಿಗಿಂತ ಏಳು ಮೀಟರ್ ತಗ್ಗಿನಲ್ಲಿತ್ತು. 14.20ರಲ್ಲಿ ಏಳು ಕಳೆದರೆ 7.20. ಬಿರುಕು ಮಟ್ಟಸವಾಗಿ ಹೋಗಿದ್ದರೆ ಬಾವಿಯಲ್ಲಿ ಅಷ್ಟು ಆಳಕ್ಕೆ ಕಾಣಬೇಕು. ಬಾವಿಗೆ ಹೋಗಿ ಟೇಪ್ ಇಳಿಬಿಟ್ಟೆ. ಕಟ್ಟೆಯಿಂದ ಏಳೂಕಾಲು ಮೀಟರ್ ಕೆಳಗೆ, ನೀರಿನಿಂದ ಒಂದು ಮೊಳ ಮೇಲೆ, ದಿಣ್ಣೆಯ ಕಡೆಯ ಬಂಡೆಯಲ್ಲಿ ಅಡ್ಡಕ್ಕೆ ಒಂದು ಬಿರುಕು. ಅದೇ ಬಾವಿಯ ಸೆಲೆ. ಅದರ ಬಾಯಲ್ಲಿ ಬೂದುಬಣ್ಣದ ಕೆಸರು ಮೆತ್ತಿಕೊಂಡಿತ್ತು. ನಮ್ಮ ಬೆಂಟೊನೈಟೇ ಎಂದುಕೊಂಡೆ.

ಆದರೆ ಅಂದುಕೊಂಡದ್ದನ್ನು ಲಾಗ್‌ನಲ್ಲಿ ಬರೆಯಲಾಗುವುದಿಲ್ಲ. ಕಣ್ಣಿಗೆ ಕಾಣಬೇಕು, ಎಲ್ಲರಿಗೂ ಕಾಣಬೇಕು. ಈ ಕಡೆ ನೆಲವೆಲ್ಲ ಕೆಂಪು, ಕೆಮ್ಮಣ್ಣು ಕಲಸಿ ಬಿಟ್ಟರೆ ಗೊತ್ತಾಗುವುದಿಲ್ಲ. ಕಟ್ಟೆಯ ಮೇಲೆ ನಿಂತು ಜಯಮ್ಮನನ್ನು ಕೇಳಿದೆ: “ಅವ್ವ, ಮನೇಲಿ ಬಟ್ಟೆಗೆ ಹಾಕೋ ನೀಲಿ ಅದ್ಯಾ?”

“ಯಾಕೆ, ನಿನ್ ಪಂಚೆ ಮಾಸೈತಾ?”

ಎಲ್ಲರೂ ನಕ್ಕರು. ನಾನು ವಿವರಿಸಿದೆ. ಬೋರಿಗೆ ನೀಲಿ ಬಿಡುತ್ತೇನೆ. ಈ ಸೆಲೆಯಲ್ಲಿ ನೀಲಿ ಬಂದರೆ ಬಾವಿ ಕೆಡಿಸಿದವನು ನಾನೇ ಎಂದು ಹಾಳೆಯಲ್ಲಿ ಬರೆದುಕೊಡುತ್ತೇನೆ. ನಿಮ್ಮ ಬಾವಿ ತೊಳೆಯುವುದೂ ನನ್ನ ಜವಾಬ್ದಾರಿ. ಆದರೆ ಪಂಪ್ ಓಡಿಸಲು ಹ್ಯಾಂಡಲ್ ಬೇಕು.

ಜಯಮ್ಮ ಹ್ಯಾಂಡಲನ್ನು ಕಂಕುಳಿಂದ ಕೈಗೆ ತೆಗೆದುಕೊಂಡರು. “ಕೊಡ್ತೀನಿ. ನಾನೇ ಬಂದು ಪಕ್ಕದಲ್ಲಿ ನಿಂತ್ಕತೀನಿ. ಇಂಜಿನ್ ಶುರುವಾದ್ ತಕ್ಷಣ ವಾಪಸ್ ಕೊಡ್ಬೇಕು.”

ಹೆಂಗಸರು ಮನೆಮನೆಯಿಂದ ತಂದರು. ಅರ್ಧ ಖಾಲಿಯಾದವು, ಈಗಷ್ಟೇ ಒಡೆದವು, ಎಲ್ಲ ಸೇರಿ ಹನ್ನೊಂದು ಸೀಸೆ. 11 ಗಂಟೆ 10 ನಿಮಿಷಕ್ಕೆ ಡ್ರಮ್ಮಿನ ನೀರಿಗೆ ಸುರಿದು ಪಂಪ್ ಬಿಟ್ಟೆ. ಮಾದೇವ ರಿಗ್ ಹತ್ತಿರ ಉಳಿದ. ನಾವೆಲ್ಲ ಬಾವಿಯ ಸುತ್ತ ಕುಳಿತೆವು.

ಹನ್ನೆರಡಾಯಿತು, ಏನೂ ಇಲ್ಲ. ಹನ್ನೆರಡೂವರೆ. ಪ್ರವೀಣ್ ವಾಚು ನೋಡಿ, “ಸಾಕು ಬಿಡಿ ಪುಟ್ಟಸ್ವಾಮಿಯವರೇ, ಟೈಮ್ ವೇಸ್ಟು,” ಎಂದ. ಅವನ ದನಿಯಲ್ಲಿ ಸಮಾಧಾನ ಬಂದಿತ್ತು. ಸುಳ್ಳೇಕೆ ಹೇಳಲಿ, ಆ ಹೊತ್ತಿನಲ್ಲಿ ನನಗೂ ಬರದಿದ್ದರೆ ಸಾಕು ಎನಿಸಿತು. ಬರದಿದ್ದರೆ ತಪ್ಪು ನನ್ನದಲ್ಲ, ಕಂಪನಿಯ ಕೆಲಸ ಉಳಿಯುತ್ತದೆ, ಉಳಿದ ಮೂರು ಬೋರು ಮುಗಿಸಿ ಮನೆಗೆ ಹೋಗಬಹುದು.

ಜಯಮ್ಮ ಹ್ಯಾಂಡಲನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದರು: “ಮೇಸ್ತ್ರಿ, ನೀಲಿ ಬಂದ್ರೆ ಏನರ್ಥ?”

“ನಾಳೆ ಅಲ್ಲಿ ತೊಟ್ಟಿ ಸೋರುದ್ರೆ ಅದೂ ಇದೇ ದಾರೀಲಿ ಬತ್ತದೆ ಅಂತ.”

“ಬರ್ನಿಲ್ಲ ಅಂದ್ರೆ?”

“ಇದ್ರೊಳಗೆ ಬರಲ್ಲ ಅಂತ.”

“ಅಂಗಾರೆ ನಾನು ದೇವ್ರನ್ನ ಬರ್ಲಿ ಅಂತ ಕೇಳ್ಲೋ, ಬ್ಯಾಡ ಅಂತ ಕೇಳ್ಲೋ?”

ನಾನು ಬಾವಿಯೊಳಗೆ ಬಗ್ಗಿ ನೋಡಿದೆ.

1 ಗಂಟೆ 50 ನಿಮಿಷಕ್ಕೆ ಬಿರುಕಿನ ಎಡತುದಿಯಲ್ಲಿ ಒಂದು ಎಳೆ ಕಾಣಿಸಿತು. ಮೊದಲು ನೆರಳು ಎಂದುಕೊಂಡೆ. ಎಳೆ ದಪ್ಪವಾಗುತ್ತಾ ಬಂತು, ಬಂಡೆಯ ಮೇಲೆ ಇಳಿಯಿತು, ನೀರಿಗೆ ಮುಟ್ಟಿ ಹರಡಿತು. ಶಾಯಿ ಚೆಲ್ಲಿದ ಹಾಗೆ ನೀಲಿ. ಒಬ್ಬ ಮುದುಕ, “ಇನ್ಮ್ಯಾಕೆ ನಮ್ಮೂರ್ ಬಟ್ಟೆನೆಲ್ಲ ಬಾವಿಗೇ ಅದ್ದುದ್ರಾಯ್ತು ಕಣ್ಲಾ,” ಎಂದ. ಈ ಸಲ ಯಾರೂ ನಗಲಿಲ್ಲ.

ಪ್ರವೀಣ್ ಮೆಲ್ಲಗೆ ಹೇಳಿದ: “ದಯವಿಟ್ಟು ಬರೀಬೇಡಿ. ನೀವು ಬರೆದರೆ ಈ ಜಾಗಕ್ಕೆ ಕ್ಲೀನ್ ರಿಪೋರ್ಟ್ ಬರಲ್ಲ. ಎಂಒಯು ಬಿದ್ದೋಗುತ್ತೆ. ನನ್ನ ಕೆಲಸವೂ ಹೋಗುತ್ತೆ. ನಿಮಗೂ ಇನ್ಮೇಲೆ ನಮ್ಮ ಕಂಪನಿಯಿಂದ ಒಂದು ಬೋರೂ ಸಿಗಲ್ಲ.”

ನಾನು ಪೆನ್ಸಿಲ್ ಬಿಟ್ಟು ಪೆನ್ನು ತೆಗೆದೆ. ಬಾವಿಕಟ್ಟೆಯ ಮೇಲೆಯೇ ಹಾಳೆ ಇಟ್ಟು ಬರೆದೆ: ‘14.20 ಮೀ.ನಲ್ಲಿ ಬಿರುಕು. ಪೂರ್ತಿ ವಾಟರ್ ಲಾಸ್. 11.10ಕ್ಕೆ ಬಿಟ್ಟ ನೀಲಿ 120 ಮೀ. ದೂರದ ಕುಡಿಯುವ ನೀರಿನ ಬಾವಿಯಲ್ಲಿ 1.50ಕ್ಕೆ ಕಂಡಿತು.’ ಸಹಿ ಹಾಕಿ ಪ್ರವೀಣ್ ಕಡೆಗೆ ಹಿಡಿದೆ. ಅವನು ಕೈ ಮುಂದೆ ಮಾಡಲಿಲ್ಲ. ತಿರುಗಿ ಜೀಪಿನ ಕಡೆ ನಡೆದ.

ಜಯಮ್ಮ ಕೇಳಿದರು: “ಅವ್ರು ಹಾಕ್ಬೇಕಾದ್ ರುಜು ಎಲ್ಲಿ?”

“ಇಲ್ಲಿ, ಈ ಖಾಲಿ ಜಾಗದಲ್ಲಿ.”

“ಅದ್ರಲ್ ಏನ್ ಬರ್ದಿದ್ದೀಯ, ಓದು.”

ಓದಿದೆ. ಎರಡು ಸಲ ಓದಿಸಿದರು. ಆಮೇಲೆ ಪೆನ್ನು ಇಸಿದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು. ಪೆನ್ನಿನ ಜೊತೆಗೆ ಹ್ಯಾಂಡಲನ್ನೂ ನನ್ನ ಕೈಗಿಟ್ಟರು.

ಅದೇ ಸಂಜೆ ರಾಡು ಎತ್ತಿ, ಬೋರಿಗೆ ಸಿಮೆಂಟ್ ಗಾರೆ ತುಂಬಿ ಮುಚ್ಚಿದೆವು. ಬಾವಿಯನ್ನು ಎರಡು ದಿನ ಪಂಪ್ ಹಚ್ಚಿ ಬರಿದು ಮಾಡಿ, ಮಾದೇವನೂ ನಾನೂ ಇಳಿದು ತಳದ ಕೆಸರು ಎತ್ತಿದೆವು. ಮೂರನೇ ದಿನ ತಿಳಿನೀರು ಬಂತು. ಮೊದಲ ಬಿಂದಿಗೆಯಿಂದ ನಮಗಿಬ್ಬರಿಗೂ ಮಜ್ಜಿಗೆ ಮಾಡಿ ಕೊಟ್ಟವರು ಜಯಮ್ಮ.

ಲಾಗ್‌ನ ಒಂದು ಪ್ರತಿಯನ್ನು ಕನ್ಸಲ್ಟೆಂಟ್‌ಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಅದನ್ನು ಅವರು ವರದಿಯಲ್ಲಿ ಸೇರಿಸಿದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಮಾರ್ಚ್ ಕಳೆಯಿತು, ಒಪ್ಪಂದವನ್ನು ಮುಂದುವರಿಸಲಿಲ್ಲ ಎಂದು ಕೇಳಿದೆ. ನನ್ನ ಒಂದು ಹಾಳೆಯಿಂದಲೇ ಹಾಗಾಯಿತು ಎಂದು ಜಂಬ ಕೊಚ್ಚುವುದಿಲ್ಲ. ಅಂಥ ಪತ್ರಗಳು ನೂರು ಕಾರಣಕ್ಕೆ ನಿಂತುಹೋಗುತ್ತವೆ. ಪ್ರವೀಣ್ ಬೇರೆ ಕಡೆ ಕೆಲಸಕ್ಕೆ ಸೇರಿದನಂತೆ. ಉಳಿದ ಮೂರು ಬೋರಿಗೂ ಆ ಕಂಪನಿ ನನ್ನನ್ನು ಮತ್ತೆ ಕರೆಯಲಿಲ್ಲ.

ಊರಿನವರೆಲ್ಲ ನನ್ನನ್ನು ಹೊಗಳಿದರು ಎಂದೂ ತಿಳಿಯಬೇಡಿ. ಮುಂದಿನ ವರ್ಷ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಆ ಊರಿನ ಒಬ್ಬ ರೈತ ಅಡ್ಡ ನಿಲ್ಲಿಸಿ, “ನನ್ ಮಗ್ಳು ಡಿಪ್ಲೊಮಾ ಮಾಡವ್ಳೆ ಕಣಯ್ಯ. ಫ್ಯಾಕ್ಟ್ರಿ ಬಂದಿದ್ರೆ ಮನೆ ಬಾಗ್ಲಲ್ಲೇ ಕೆಲ್ಸ ಸಿಕ್ತಿತ್ತು. ನೀನ್ ಬರ್ದೆ, ಓಯ್ತು,” ಎಂದ. ಕಾರ್ಖಾನೆ ಬೇಕೋ ಬೇಡವೋ ಹೇಳುವುದು ನನ್ನ ಕೆಲಸವಲ್ಲ. ನೆಲದೊಳಗೆ ಕಂಡದ್ದನ್ನು ಇದ್ದ ಹಾಗೆ ಬರೆಯುವುದು ನನ್ನ ಕೆಲಸ. ಬರೆದ ಮೇಲೆ ದೊಡ್ಡವರು ಏನು ಬೇಕಾದರೂ ತೀರ್ಮಾನ ಮಾಡಲಿ.

ನಾನು ಕಲಿತದ್ದು ಇಷ್ಟೇ: ನೀರು ನಿಂತ ತಕ್ಷಣ ಬೆಂಟೊನೈಟ್ ಚೀಲಕ್ಕೆ ಕೈ ಹಾಕಬಾರದು. ಮೊದಲು ರಿಗ್ ನಿಲ್ಲಿಸಿ, ತಗ್ಗಿನ ಕಡೆ ನಡೆದು ಹೋಗಿ, ಅಲ್ಲಿ ಯಾರ ಬಾವಿ ಇದೆ ಎಂದು ನೋಡಿಕೊಂಡು ಬರಬೇಕು. ಇದನ್ನು ನನಗೆ ಇಪ್ಪತ್ತೆರಡು ವರ್ಷಕ್ಕೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಬಾವಿ ಉಳಿಯುತ್ತಿದ್ದವೋ.

ಈಗ ನನ್ನ ಹತ್ತಿರ ಎರಡು ರಿಗ್ ಇವೆ. ಮೂರು ಹ್ಯಾಮರ್. ಮಾದೇವನೂ ಸೇರಿ ಆರು ಜನ. ಹಗ್ಗ ಕಟ್ಟಿದ ಒಂದು ಐವತ್ತು ಮೀಟರ್ ಟೇಪ್. ಪ್ರತಿ ಸೈಟಿಗೂ ಹೊತ್ತೊಯ್ಯುವ ಹನ್ನೆರಡು ಸೀಸೆ ನೀಲಿ. ಅರವತ್ತೆಂಟು ಲಾಗ್ ಪುಸ್ತಕ. ಅವುಗಳಲ್ಲಿ ಇಂಜಿನಿಯರ್ ಸಹಿ ಇಲ್ಲದ ಹಾಳೆ ಒಂದೇ ಒಂದು; ಅದರಲ್ಲಿ ಜಯಮ್ಮನ ಸಹಿ ಇದೆ.